ಗೋಡೆ ಕ್ಯಾಲೆಂಡರಿನಲ್ಲಿ ಬೆಂಗಳೂರು: ಪರಿಷೆ, ಕರಗ, ಸಂತೆ, ನಾಟಕಗಳಿಗೆ ಮೊದಲೇ ಸಿದ್ಧವಾಗುವುದು ಹೇಗೆ

ಕಡಲೆಕಾಯಿ ಪರಿಷೆ ಮುಗಿದ ವಾರ ನಮ್ಮ ಕಚೇರಿಯಲ್ಲಿ ಪ್ರತಿವರ್ಷ ಯಾರಾದರೊಬ್ಬರು ಈ ಮಾತು ಆಡುತ್ತಾರೆ: “ಅಯ್ಯೋ, ಮೊನ್ನೆ ಇತ್ತಾ? ಗೊತ್ತೇ ಆಗ್ಲಿಲ್ಲವಲ್ಲ!” ಹೇಳುವವರು ಹತ್ತು ವರ್ಷದಿಂದ ಬೆಂಗಳೂರಿನಲ್ಲಿರುವವರು, ಬಸವನಗುಡಿಗೆ ಅರ್ಧ ಗಂಟೆಯ ದಾರಿಯಲ್ಲಿ ಮನೆ ಮಾಡಿರುವವರು. ಫೋನಿಗೆ ದಿನಕ್ಕೆ ನೂರು ಸುದ್ದಿ ಬರುತ್ತದೆ ನಿಜ. ಆದರೆ ಪರಿಷೆಯ ಫೋಟೊ ಬರುವುದು ಪರಿಷೆ ತುಂಬಿ ತುಳುಕುತ್ತಿರುವ ದಿನ. ಅಷ್ಟು ಹೊತ್ತಿಗೆ ರಜೆ ಕೇಳುವ ಕಾಲ ಮೀರಿರುತ್ತದೆ, ಊರಿನಿಂದ ಅಮ್ಮನನ್ನು ಕರೆಸಿಕೊಳ್ಳುವ ಮಾತಂತೂ ಇಲ್ಲ.

ತಿಪಟೂರಿನ ಕಡೆಯಿಂದ ಬಂದ ನಾನೂ ಮೊದಲ ನಾಲ್ಕೈದು ವರ್ಷ ಹೀಗೇ ಕಳೆದೆ. ಆಮೇಲೆ ಊರಿನಲ್ಲಿ ನಮ್ಮ ತಾತ ಮಾಡುತ್ತಿದ್ದುದನ್ನೇ ಇಲ್ಲೂ ಮಾಡತೊಡಗಿದೆ. ವರ್ಷದ ಶುರುವಿನಲ್ಲೇ ಗೋಡೆ ಕ್ಯಾಲೆಂಡರ್ ಇಳಿಸಿಕೊಂಡು ಕುಳಿತು ಜಾತ್ರೆಗಳಿಗೆ ಗುರುತು ಹಾಕುವುದು. ಇಷ್ಟು ದೊಡ್ಡ ನಗರವಾದರೂ ಬೆಂಗಳೂರಿನ ಒಳ್ಳೆಯ ಕಾರ್ಯಕ್ರಮಗಳಲ್ಲಿ ಮುಕ್ಕಾಲು ಪಾಲು ಯಾವಾಗ ಬರುತ್ತವೆ ಅಂತ ಒಂದು ವರ್ಷ ಮುಂಚೆಯೇ ಲೆಕ್ಕ ಹಾಕಬಹುದು. ಒಂದು ಮಧ್ಯಾಹ್ನದ ಕೆಲಸ ಅಷ್ಟೆ.

ಹೆಜ್ಜೆ 1: ತಿಥಿ ಇರುವ ಕ್ಯಾಲೆಂಡರ್, ಎರಡು ಪೆನ್ನು, ಒಂದು ಪೆನ್ಸಿಲ್

ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಂಥ, ತಿಥಿ, ಮಾಸ, ಪಕ್ಷ ಅಚ್ಚಾಗಿರುವ ಕನ್ನಡ ಕ್ಯಾಲೆಂಡರ್ ತನ್ನಿ. ಬರೀ ತಾರೀಕು ಇರುವ ಕಂಪನಿ ಕ್ಯಾಲೆಂಡರ್ ಈ ಕೆಲಸಕ್ಕೆ ಬಾರದು. ಫೋನಿನ ಪಂಚಾಂಗದ ಆ್ಯಪ್ ನೋಡುವವರು ಒಂದು ಎಚ್ಚರ ವಹಿಸಬೇಕು. ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಉತ್ತರ ಭಾರತದ ಲೆಕ್ಕದಲ್ಲಿ ಹುಣ್ಣಿಮೆಗೆ. ಕಡಲೆಕಾಯಿ ಪರಿಷೆ ಬರುವುದು ಕಾರ್ತಿಕದ ಕಡೆಯ ಸೋಮವಾರ. ಆ್ಯಪ್ ಅಲ್ಲಿಯ ಲೆಕ್ಕಕ್ಕೆ ಹೊಂದಿಸಿದ್ದರೆ ಕಾರ್ತಿಕ ಹದಿನೈದು ದಿನ ಮೊದಲೇ ಮುಗಿದುಹೋಗಿರುತ್ತದೆ. ನೀವು ಬಸವನಗುಡಿಗೆ ಹೋಗಿ ನಿಂತರೆ ಅಲ್ಲಿ ಒಂದು ಕಡಲೆಕಾಯಿ ಗುಡ್ಡೆಯೂ ಕಾಣುವುದಿಲ್ಲ.

ತಿಥಿಯ ಮೇಲೆ ನಡೆಯುವಂಥದ್ದಕ್ಕೆ ಕೆಂಪು ಪೆನ್ನು, ತಾರೀಕಿನ ಮೇಲೆ ನಡೆಯುವಂಥದ್ದಕ್ಕೆ ನೀಲಿ. ತಿಂಗಳು ಗೊತ್ತಿದ್ದು ದಿನ ಮಾತ್ರ ಆಮೇಲೆ ಪ್ರಕಟವಾಗುವಂಥವನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಹೆಜ್ಜೆ 2: ಯುಗಾದಿ ಹುಡುಕಿ, ಅಲ್ಲಿಂದ ಎಣಿಸಿ

ಕೆಂಪು ಗುರುತುಗಳಲ್ಲಿ ಮೊದಲ ಎರಡಕ್ಕೆ ಯುಗಾದಿಯೇ ಮೂಲ. ಯುಗಾದಿಯಿಂದ ಒಂಬತ್ತನೆಯ ದಿನದ ಹೊತ್ತಿಗೆ ರಾಮನವಮಿ, ಹದಿನೈದನೆಯ ದಿನದ ಹೊತ್ತಿಗೆ ಚೈತ್ರ ಹುಣ್ಣಿಮೆ. ಆ ಹುಣ್ಣಿಮೆಯ ರಾತ್ರಿಯೇ ಬೆಂಗಳೂರು ಕರಗ. 2024ರಲ್ಲಿ ಅದು ಏಪ್ರಿಲ್ 23ಕ್ಕೆ ಬಂತು, 2025ರಲ್ಲಿ ಏಪ್ರಿಲ್ 12ಕ್ಕೆ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು, ಅದಕ್ಕೇ ಈ ಹಿಂಜರಿತ. ಹೀಗೆ ಹಿಂದೆ ಸರಿದದ್ದನ್ನು ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದು ಮುಂದಕ್ಕೆ ತಳ್ಳುತ್ತದೆ.

ಮೂರನೆಯ ಕೆಂಪು ಗುರುತು ಕಡಲೆಕಾಯಿ ಪರಿಷೆಯದು. ದೀಪಾವಳಿಯ ಬಲಿಪಾಡ್ಯಮಿಯಿಂದ ಕಾರ್ತಿಕ ಶುರು. ಮುಂದಿನ ಅಮಾವಾಸ್ಯೆಯೊಳಗೆ ಬರುವ ಸೋಮವಾರಗಳನ್ನು ಎಣಿಸಿ, ಕೊನೆಯದಕ್ಕೆ ಸುತ್ತು ಹಾಕಿ. ಈ ಲೆಕ್ಕದಲ್ಲಿ 2024ರ ಪರಿಷೆ ನವೆಂಬರ್ 25ಕ್ಕೆ, 2025ರದ್ದು ನವೆಂಬರ್ 17ಕ್ಕೆ ಬಿತ್ತು. 2026ರಲ್ಲಿ ಜ್ಯೇಷ್ಠ ಅಧಿಕವಾಗಿ ಬರುವುದರಿಂದ ಕಾರ್ತಿಕ ಪೂರ್ತಿ ಮುಂದಕ್ಕೆ ಹೋಗಿ ಕಡೆಯ ಸೋಮವಾರ ಡಿಸೆಂಬರ್ 7 ಆಗುತ್ತದೆ. “ನವೆಂಬರಿನಲ್ಲಿ ಪರಿಷೆ” ಎಂದು ಬಾಯಿಪಾಠ ಮಾಡಿಕೊಂಡವರು ಇಂಥ ವರ್ಷಗಳಲ್ಲೇ ಎಡವುವುದು.

ಹೆಜ್ಜೆ 3: ನೀಲಿ ಮತ್ತು ಪೆನ್ಸಿಲ್

ನೀಲಿಯದು ಸುಲಭ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವದ ಸುತ್ತ ಒಂದು, ಸ್ವಾತಂತ್ರ್ಯ ದಿನದ ಸುತ್ತ ಒಂದು. ಜನವರಿ 26 ಮತ್ತು ಆಗಸ್ಟ್ 15ರ ಹಿಂದಿನ ಒಂದು ವಾರಕ್ಕೂ ಗೆರೆ ಎಳೆದುಬಿಡಿ. ಮಕರ ಸಂಕ್ರಾಂತಿ ಸೂರ್ಯನ ಹಬ್ಬ, ಜನವರಿ 14 ಅಥವಾ 15. ಆ ಸಂಜೆ ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಗುಹೆಯೊಳಗೆ ಜಾಗ ಬಹಳ ಕಡಿಮೆ. ಆ ಬೆಳಕನ್ನು ಕಣ್ಣಾರೆ ಕಾಣುವವರು ಕೆಲವರೇ, ಉಳಿದವರು ಹೊರಗೆ ನಿಂತು ಕೈಮುಗಿಯುತ್ತಾರೆ. ಇದನ್ನು ತಿಳಿದೇ ಹೋಗಿ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬಕ್ಕೆ ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಸೆಪ್ಟೆಂಬರ್ 8ರ ಸಂಜೆ ತೇರು. ಜಾತಿಮತ ಎನ್ನದೆ ಊರೇ ಸೇರುವ ತೇರು ಅದು.

ಪೆನ್ಸಿಲಿನಲ್ಲಿ ಬರೆಯಬೇಕಾದವು: ಜನವರಿಯ ಮೊದಲ ಭಾನುವಾರದ ಎದುರಿಗೆ ಚಿತ್ರಸಂತೆ. ಅದೇ ತಿಂಗಳು ಬಸವನಗುಡಿ, ವಿ.ವಿ. ಪುರದ ಕಡೆ ಅವರೆಕಾಯಿ ಮೇಳ. ಫೆಬ್ರವರಿ, ಮಾರ್ಚ್ ನಡುವೆ ಭಾರತೀಯ ವಿಜ್ಞಾನ ಸಂಸ್ಥೆಯ ಸಾರ್ವಜನಿಕ ದಿನ, ಜನರ ಬಾಯಲ್ಲಿ ‘ಓಪನ್ ಡೇ’. ಇದು ಸಾಮಾನ್ಯವಾಗಿ ಒಂದು ಶನಿವಾರ, ಪ್ರವೇಶ ಉಚಿತ. ಪ್ರೌಢಶಾಲೆಯ ಮಕ್ಕಳಿರುವ ಮನೆಯವರು ಇದೊಂದನ್ನು ಬಿಡಲೇಬಾರದು. ಸಂಶೋಧನೆ ಮಾಡುವವರೇ ಮೇಜಿನ ಹಿಂದೆ ನಿಂತು ಮಗುವಿಗೆ ಉತ್ತರ ಹೇಳುವ ದಿನ ವರ್ಷಕ್ಕೆ ಒಂದೇ ಬರುತ್ತದೆ. ಬೆಸ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ. ನವೆಂಬರ್ ಹೊತ್ತಿಗೆ ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಕೃಷಿ ಮೇಳ. ಟೆರೇಸಿನ ಮೇಲೆ ನಾಲ್ಕು ಕುಂಡ ಇಟ್ಟವರಿಗೂ ಅಲ್ಲಿ ಕೆಲಸವಿದೆ. ಬೀಜ, ಗೊಬ್ಬರ, ಹೊಸ ತಳಿ ಎಲ್ಲವನ್ನೂ ನೋಡಿ, ಮಧ್ಯಾಹ್ನ ಮುದ್ದೆ ಊಟ ಮಾಡಿ ಬರಬಹುದು. ಆವರಣ ಎಕರೆಗಟ್ಟಲೆ ಇದೆ, ನಡೆಯಲು ಗಟ್ಟಿ ಚಪ್ಪಲಿ ಬೇಕು.

ಹೆಜ್ಜೆ 4: ವಾರದ ಲೆಕ್ಕ

ದೊಡ್ಡ ಹಬ್ಬಗಳ ನಡುವಿನ ವಾರಗಳಿಗೆ ಬೇರೆ ಯೋಚನೆ ಬೇಕು. ನನ್ನ ಸಲಹೆ ಇಷ್ಟು: ತಿಂಗಳಿಗೆ ಒಂದು ನಾಟಕ, ಒಂದು ಮ್ಯೂಸಿಯಂ ಅಥವಾ ಗ್ಯಾಲರಿ, ಒಂದು ಬೆಳಗಿನ ನಡಿಗೆ. ಇದಕ್ಕಿಂತ ಹೆಚ್ಚು ಬರೆದಿಟ್ಟುಕೊಂಡರೆ ಆಯಾಸವಾಗಿ ಎಲ್ಲವನ್ನೂ ಕೈಬಿಡುತ್ತೀರಿ.

ನಾಟಕಕ್ಕೆ ಜೆ.ಪಿ. ನಗರದ ರಂಗಶಂಕರದಿಂದ ಶುರುಮಾಡಿ. ಶಂಕರ್‌ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಅವರ ಹಟದಿಂದ ಎದ್ದು ನಿಂತ ರಂಗಮಂದಿರ ಇದು, 2004ರಿಂದ ನಡೆಯುತ್ತಿದೆ. ನಾಟಕ 7.30ಕ್ಕೆ ಎಂದರೆ 7.30ಕ್ಕೆ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನ ಕಾರಣ ಹೇಳಿದರೂ ಇಲ್ಲ. ಈ ಕಟ್ಟುನಿಟ್ಟಿಗೆ ನಾನು ಕೃತಜ್ಞ, ಯಾಕೆಂದರೆ ಕತ್ತಲಲ್ಲಿ ಕಾಲು ತುಳಿದುಕೊಂಡು ಒಳಗೆ ಬರುವವರಿಲ್ಲದ ಸಭಾಂಗಣದಲ್ಲಿ ನಟರ ಪಿಸುಮಾತೂ ಕೊನೆಯ ಸಾಲಿಗೆ ಕೇಳುತ್ತದೆ. ಆರೂವರೆಗೇ ತಲುಪುವಂತೆ ಹೊರಡಿ, ಕ್ಯಾಂಟೀನಿನಲ್ಲಿ ಏನಾದರೂ ತಿಂದು, ಕಾಫಿ ಕುಡಿದು ಸಾಲಿಗೆ ನಿಂತರೆ ಸರಿಹೋಗುತ್ತದೆ. ಹಳದಿ ಮೆಟ್ರೊ ಶುರುವಾದ ಮೇಲೆ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಬರುವುದೂ ಹಗುರವಾಗಿದೆ.

ಇನ್ನಷ್ಟು ಕನ್ನಡ ನಾಟಕ ಬೇಕೆಂದರೆ ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲತ್ತಹಳ್ಳಿಯ ಕಲಾಗ್ರಾಮ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಇವೆ. ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ಆಕಾಶದ ಕೆಳಗೆ ಕುಳಿತು ನಾಟಕ ನೋಡುವ ಸುಖವೇ ಬೇರೆ, ಸ್ವೆಟರ್ ಮಾತ್ರ ಮರೆಯಬೇಡಿ.

ಕರಾವಳಿಯವರಿಗೂ, ಯಕ್ಷಗಾನದ ಹುಚ್ಚಿರುವ ಉಳಿದವರಿಗೂ ಒಂದು ವಿಷಯ: ನಿಮ್ಮ ಕಾಲ ಮಳೆಗಾಲ. ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಜಾತ್ರೆ, ಆಟಗಳ ಕಾಲ ಮುಗಿಯುವ ದಿನಕ್ಕೆ, ಅಲ್ಲಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ಬಿಡುವಿನಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬರುತ್ತಾರೆ, ಕಲಾಕ್ಷೇತ್ರದಲ್ಲಿ ಇಡೀ ರಾತ್ರಿ ಆಟ ನಡೆಯುತ್ತದೆ. ಜೂನ್‌ನಿಂದ ಮೂರ್ನಾಲ್ಕು ತಿಂಗಳು ಕ್ಯಾಲೆಂಡರಿನ ಶನಿವಾರಗಳಿಗೆ ಪೆನ್ಸಿಲಿನಲ್ಲಿ ‘ಆಟ?’ ಎಂದು ಬರೆದಿಡಿ.

ಮ್ಯೂಸಿಯಮ್ಮುಗಳ ವಿಷಯದಲ್ಲಿ ಒಂದೇ ನಿಯಮ: ಸೋಮವಾರ ಬೇಡ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ನೆಹರೂ ತಾರಾಲಯ, ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ, ಎಲ್ಲವೂ ಆ ದಿನ ಮುಚ್ಚಿರುತ್ತವೆ. ಊರಿನಿಂದ ಬಂದ ನೆಂಟರಿಗೆ ಸೋಮವಾರವೇ ಬಿಡುವಾದರೆ ಲಾಲ್‌ಬಾಗಿಗೋ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೋ ಕರೆದೊಯ್ಯಿರಿ.

ಹೆಜ್ಜೆ 5: ಹಿಂದಿನ ಸಂಜೆ ಮೂರು ವಿಷಯ ಖಚಿತ ಮಾಡಿಕೊಳ್ಳಿ

ಒಮ್ಮೆ ವಾಟ್ಸ್‌ಆ್ಯಪಿನಲ್ಲಿ ಬಂದ ಆಹ್ವಾನ ನಂಬಿ ಮಕ್ಕಳೊಂದಿಗೆ ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋದೆ. ಸಭಾಂಗಣಕ್ಕೆ ಬೀಗ. ಕಾವಲಿನವರು, “ಅದು ಹೋದ ವರ್ಷದ್ದು ಸಾರ್” ಎಂದರು. ಆಹ್ವಾನದಲ್ಲಿ ದಿನ, ತಿಂಗಳು ಇತ್ತು, ಇಸವಿ ಇರಲಿಲ್ಲ. ಮಕ್ಕಳ ಮುಖ ನೋಡಲಾಗಲಿಲ್ಲ. ಅಂದಿನಿಂದ ತಾರೀಕಿನ ಜೊತೆಗಿರುವ ವಾರವನ್ನು ತಪ್ಪದೆ ತಾಳೆ ನೋಡುತ್ತೇನೆ. “15, ಶನಿವಾರ” ಎಂದಿದ್ದರೆ ಈ ವರ್ಷದ ಆ ತಿಂಗಳ 15 ಶನಿವಾರವೇ ಹೌದೇ ಎಂದು ನೋಡಿದರೆ ಹಳೆಯ ಸುದ್ದಿ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದಾಗಿ, ಆ ದಿನದ ಪತ್ರಿಕೆಯ ನಗರ ಪುಟದಲ್ಲಿ ‘ನಗರದಲ್ಲಿ ಇಂದು’ ಎಂಬಂಥ ಅಂಕಣ ಓದಿ. ಭಜನೆ, ಉಪನ್ಯಾಸ, ಪುಸ್ತಕ ಬಿಡುಗಡೆ, ಬಡಾವಣೆಯ ಸಂಗೀತ ಸಭೆ ಇವೆಲ್ಲ ಬರುವುದು ಅಲ್ಲಿ ಮಾತ್ರ. ಮೂರನೆಯದಾಗಿ, ಸಂಚಾರ ಪೊಲೀಸರ ಪ್ರಕಟಣೆ ನೋಡಿ. ಫಲಪುಷ್ಪ ಪ್ರದರ್ಶನ, ಪರಿಷೆ, ಚಿತ್ರಸಂತೆ, ಕರಗ ಎಲ್ಲಕ್ಕೂ ಯಾವ ರಸ್ತೆ ಬಂದ್, ಎಲ್ಲಿ ವಾಹನ ನಿಲ್ಲಿಸಬಾರದು ಎಂದು ಅವರು ಮೊದಲೇ ತಿಳಿಸುತ್ತಾರೆ.

ಹೆಜ್ಜೆ 6: ಕಾರು ಮನೆಯಲ್ಲೇ ಇರಲಿ

ಇದನ್ನು ಒತ್ತಿ ಹೇಳುತ್ತೇನೆ. ಮೇಲೆ ಹೇಳಿದ ದೊಡ್ಡ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಹಸಿರು ಮೆಟ್ರೊ ಮಾರ್ಗದ ಮಗ್ಗುಲಲ್ಲೇ ಇವೆ. ಕರಗಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಪರಿಷೆಗೆ ನ್ಯಾಷನಲ್ ಕಾಲೇಜು, ಫಲಪುಷ್ಪಕ್ಕೆ ಲಾಲ್‌ಬಾಗ್ ನಿಲ್ದಾಣ. ಚಿತ್ರಸಂತೆಗೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಇಳಿದು ಆಟೊ ಹಿಡಿಯಬಹುದು, ಕಾಲು ಗಟ್ಟಿ ಇದ್ದರೆ ನಡೆಯಬಹುದು. ನೇರಳೆ ಮಾರ್ಗದಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು, ಹಳದಿ ಮಾರ್ಗದವರು ಆರ್.ವಿ. ರಸ್ತೆಯಲ್ಲಿ. ಹೋಗುವಾಗಲೇ ಸ್ಮಾರ್ಟ್ ಕಾರ್ಡಿಗೆ ದುಡ್ಡು ತುಂಬಿಸಿಕೊಳ್ಳಿ. ವಾಪಸ್ ಬರುವಾಗ ಟಿಕೆಟ್ ಸಾಲು ನಿಲ್ದಾಣದ ಮೆಟ್ಟಿಲವರೆಗೂ ಬಂದಿರುತ್ತದೆ. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಉಚಿತ. ಊರಿನಿಂದ ಬರುವ ಅಮ್ಮ, ಅತ್ತೆಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಚೀಲದಲ್ಲಿ ಇಟ್ಟುಕೊಳ್ಳಲು ಮರೆಯದೆ ಹೇಳಿ.

ಇಲ್ಲಿಂದ ಮುಂದೆ ನಾಲ್ಕು ಮುಖ್ಯ ಕಾರ್ಯಕ್ರಮಗಳನ್ನು ಒಂದೊಂದಾಗಿ ಹೇಳುತ್ತೇನೆ.

ಪರಿಷೆಗೆ ಹೋಗುವ ಕ್ರಮ

ಈಗಿನ ಬಸವನಗುಡಿ ಒಂದು ಕಾಲಕ್ಕೆ ಸುಂಕೇನಹಳ್ಳಿ. ರಾತ್ರಿ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ, ಮೊದಲ ಫಸಲು ನಿನಗೇ ಎಂದು ರೈತರು ಹರಕೆ ಹೊತ್ತರು ಎಂಬುದು ಕತೆ. ಹದಿನೈದು ಅಡಿ ಎತ್ತರದ ಏಕಶಿಲೆಯ ದೊಡ್ಡ ಬಸವಣ್ಣನ ಎದುರು ನಿಂತಾಗ ಆ ಕತೆ ನಂಬುವುದು ಕಷ್ಟವೇನಲ್ಲ. ಕೋಲಾರ, ಚಿಂತಾಮಣಿ, ಮಾಗಡಿ ಕಡೆಯಿಂದ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದಲೂ ಮೂಟೆಗಳು ಬಂದಿಳಿಯುತ್ತವೆ.

ಸೋಮವಾರ ಮುಖ್ಯ ದಿನ, ಆದರೆ ಅಂಗಡಿಗಳು ಶನಿವಾರಕ್ಕೇ ಕೂತಿರುತ್ತವೆ, ಸೋಮವಾರದ ಆಚೆಗೂ ಇರುತ್ತವೆ. ಹಾಗಾಗಿ ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಭಾನುವಾರದ ಬೆಳಗ್ಗೆ ಅಥವಾ ಮಂಗಳವಾರ ಹೋಗುವುದೇ ವಾಸಿ. ಜನಸಾಗರವನ್ನೇ ನೋಡಬೇಕು ಎನ್ನುವವರು ಸೋಮವಾರ ಸಂಜೆ ಹೋಗಲಿ.

ನಾನು ಹೋಗುವ ಕ್ರಮ ಇದು. ಬೆಳಗ್ಗೆ ಏಳಕ್ಕೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆಯುತ್ತೇನೆ. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ದೋಸೆ (ಶುಕ್ರವಾರ ಅವರಿಗೆ ರಜೆ). ಅಲ್ಲಿಂದ ರಾಮಕೃಷ್ಣ ಆಶ್ರಮದ ಕಡೆಗೆ, ಆಮೇಲೆ ಬುಲ್ ಟೆಂಪಲ್ ರಸ್ತೆ ಹಿಡಿದು ಎರಡೂ ಬದಿಯ ಗುಡ್ಡೆಗಳನ್ನು ನೋಡುತ್ತಾ ದೇವಸ್ಥಾನದವರೆಗೆ. ಮೊದಲು ದೊಡ್ಡ ಗಣಪತಿ, ಮೆಟ್ಟಿಲು ಹತ್ತಿ ಬಸವಣ್ಣ. ಹೋಗುವಾಗ ಏನೂ ಕೊಳ್ಳಬೇಡಿ, ಬರೀ ದರ ಕೇಳುತ್ತಾ, ಒಂದೊಂದು ಕಾಯಿ ಒಡೆದು ರುಚಿ ನೋಡುತ್ತಾ ಹೋಗಿ. ವಾಪಸ್ ಬರುವಾಗ ಕೊಂಡರೆ ಭಾರವೂ ತಪ್ಪುತ್ತದೆ, ದರವೂ ಗೊತ್ತಿರುತ್ತದೆ.

ಕೊಳ್ಳುವಾಗ ಕೇಳಬೇಕಾದ್ದು: ಹಸಿಯೋ, ಹುರಿದದ್ದೋ, ಬೇಯಿಸಿದ್ದೋ? ಬೇಯಿಸಿದ್ದನ್ನು ಅಲ್ಲೇ ಬಿಸಿಬಿಸಿಯಾಗಿ ತಿನ್ನಬೇಕು, ಮನೆಗೆ ತಂದರೆ ಸಂಜೆಗೆ ಹಳಸುತ್ತದೆ. ಹಸಿಯದನ್ನು ತಂದು ಅಂದೇ ಉಪ್ಪು ಹಾಕಿ ಬೇಯಿಸಬಹುದು. ತಿಂಗಳು ಇಟ್ಟುಕೊಳ್ಳಲು ಹುರಿದದ್ದು. ಸೇರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಚಿಕ್ಕ ಮೂರು ಕಾಳಿನ ಕಾಯಿ ರುಚಿ ಹೆಚ್ಚು ಎಂಬುದು ನಮ್ಮಮ್ಮನ ತೀರ್ಮಾನ, ಇಷ್ಟು ವರ್ಷ ತಿಂದ ಮೇಲೆ ನನ್ನದೂ ಅದೇ. ಬಟ್ಟೆ ಚೀಲ ಎರಡು ಒಯ್ಯಿರಿ. ಒಂದರಲ್ಲಿ ಕಡಲೆಕಾಯಿ, ಇನ್ನೊಂದರಲ್ಲಿ ಕಳ್ಳೆಪುರಿ, ಬತ್ತಾಸು. ಚಿಲ್ಲರೆ ಬೇಕೇ ಬೇಕು. ಜನ ಹೆಚ್ಚಾದಂತೆ ಫೋನಿನ ನೆಟ್‌ವರ್ಕ್ ನಿಂತುಹೋಗುತ್ತದೆ, ರೈತರನ್ನು ಹಣಕ್ಕಾಗಿ ಕಾಯಿಸುವುದು ಸರಿಯಲ್ಲ. ವರ್ಷವಿಡೀ ದುಡಿದು, ಮೂಟೆಯ ಪಕ್ಕದಲ್ಲೇ ಮಲಗೆದ್ದವರ ಹತ್ತಿರ ಐದು ರೂಪಾಯಿಗೆ ಚೌಕಾಶಿಯೂ ಬೇಡ.

ಕರಗದ ರಾತ್ರಿ

ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ದ್ರೌಪದಿಯ ಶಕ್ತಿಯ ರೂಪ. ಅದನ್ನು ನಡೆಸಿಕೊಂಡು ಬಂದವರು ತಿಗಳ ಸಮುದಾಯ, ಊರಿಗೆ ತೋಟದ ಬೇಸಾಯ ಕಲಿಸಿದ ಜನ. ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗವನ್ನು ತಲೆಯ ಮೇಲೆ ಹೊತ್ತು, ಹೆಣ್ಣಿನ ಉಡುಗೆ ತೊಟ್ಟ ಪೂಜಾರಿ ಮುಂದೆ, ಸುತ್ತ ಕತ್ತಿ ಹಿಡಿದ ವೀರಕುಮಾರರ “ಗೋವಿಂದಾ ಗೋವಿಂದ”. ಹಲವು ದಿನಗಳ ಉತ್ಸವದಲ್ಲಿ ಹುಣ್ಣಿಮೆಗೆ ಮುಂಚಿನ ಹಸಿ ಕರಗಕ್ಕೂ ದೊಡ್ಡ ಮಹತ್ವವಿದೆ. ಸಂಪಂಗಿ ಕೆರೆ ಮುಚ್ಚಿ ಕಂಠೀರವ ಕ್ರೀಡಾಂಗಣವಾದ ಮೇಲೂ ಅಲ್ಲಿ ಉಳಿದಿರುವ ಚಿಕ್ಕ ಕುಂಡದ ಹತ್ತಿರ ಹಸಿ ಕರಗದ ಪೂಜೆ ತಪ್ಪಿಲ್ಲ. ಬೆಂಗಳೂರಿಗೆ ತನ್ನ ಕೆರೆಯ ನೆನಪು ಉಳಿದಿರುವುದು ಇಂಥ ಕಡೆಗಳಲ್ಲಿ.

ಹೋಗುವವರಿಗೆ ಮೊದಲ ಮಾತು: ಕರಗ ಗುಡಿಯಿಂದ ಹೊರಬರುವುದು ಮಧ್ಯರಾತ್ರಿ ಕಳೆದ ಮೇಲೆ. ಹತ್ತಕ್ಕೆ ಹೋಗಿ ಹನ್ನೊಂದಕ್ಕೆ ವಾಪಸಾಗುವ ಯೋಚನೆ ಇದ್ದರೆ ಕರಗ ಕಾಣುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಬೇರೆ ಬೇರೆ ಬಡಾವಣೆಗಳ ದೇವರುಗಳ ಹೂವಿನ ಪಲ್ಲಕ್ಕಿ, ರಥಗಳು ಪೇಟೆಯ ಬೀದಿಗಳಲ್ಲಿ ಸಾಲುಗಟ್ಟಿರುತ್ತವೆ. ಮಕ್ಕಳೊಂದಿಗೆ ಹೋಗುವವರಿಗೆ ಅದೇ ಸಾಕಷ್ಟಾಯಿತು. ಕೊನೆಯ ಮೆಟ್ರೊ ಸಮಯ ನೋಡಿಕೊಂಡು ಹೊರಟುಬಿಡಿ.

ಕರಗವನ್ನೇ ನೋಡಬೇಕೆಂದರೆ ಎರಡು ದಾರಿ. ರಾತ್ರಿಯೇ ಬಂದು ಬೆಳಗಾಗುವವರೆಗೆ ಇರುವುದು ಒಂದು. ಮಧ್ಯಾಹ್ನ ಮಲಗಿ ಎದ್ದು ಬನ್ನಿ, ನೀರು ತನ್ನಿ, ಮೂರ್ನಾಲ್ಕು ಜನ ಜೊತೆಗಿರಿ. ಇನ್ನೊಂದು ದಾರಿ, ನಸುಕಿನಲ್ಲಿ ಎದ್ದು ಬಂದು ಮರಳುವ ಕರಗವನ್ನು ಕಾಣುವುದು. ಆಗ ಜನ ತುಸು ತೆಳುವಾಗಿರುತ್ತಾರೆ, ಬೆಳಕೂ ಇರುತ್ತದೆ. ಆಟೊಗೆ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು ದರ ಎಂಬುದು ನೆನಪಿರಲಿ.

ದಾರಿಯಲ್ಲಿ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ರಾತ್ರಿಯಲ್ಲಿ ನೋಡಲೇಬೇಕಾದ ಗಳಿಗೆ ಅದು, ಅಲ್ಲಿ ಕಾದು ನಿಲ್ಲುವುದಾದರೆ ಬೇಗ ಹೋಗಿ ಪಕ್ಕಕ್ಕೆ ಜಾಗ ಹಿಡಿಯಿರಿ. ವೀರಕುಮಾರರ ಕೈಯಲ್ಲಿರುವುದು ನಿಜವಾದ ಕತ್ತಿ, ಅವರು ಓಡುವ ದಾರಿಯಲ್ಲಿ ಫೋನ್ ಹಿಡಿದು ಅಡ್ಡ ನಿಲ್ಲಬೇಡಿ.

ಲಾಲ್‌ಬಾಗಿನ ಹೂವು

ವಾರದ ನಡುವಿನ ದಿನ, ಬೆಳಗ್ಗೆ ಬಾಗಿಲು ತೆರೆದ ಮೊದಲ ಗಂಟೆ. ಇದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿಲ್ಲ. ರಜಾದಿನಗಳಲ್ಲಿ ಟಿಕೆಟ್ ದರವೂ ಹೆಚ್ಚು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೊಳಗೆ ಜನ ಸಾಲಾಗಿ ಸರಿಯುತ್ತಾ ಇರಬೇಕು, ಹೂವಿನ ಮುಂದೆ ನಿಂತು ನೋಡುವುದಕ್ಕೆ ಆಗುವುದಿಲ್ಲ. ಪ್ರತಿ ಪ್ರದರ್ಶನಕ್ಕೂ ಒಂದು ವಿಷಯ ಇರುತ್ತದೆ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ಅವರಿಗೆ ಅರ್ಪಿಸಿದಾಗ ಹೂವಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದವರನ್ನು ನಾನೇ ಕಂಡಿದ್ದೇನೆ.

ಗಾಜಿನ ಮನೆ ನೋಡಿ ಹೊರಬಂದವರಲ್ಲಿ ಬಹಳ ಜನ ಅಲ್ಲಿಂದಲೇ ಮನೆಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ. ಮರಿಗೌಡ ಸ್ಮಾರಕ ಭವನದಲ್ಲಿ ಇಕೆಬಾನ, ಹೂವಿನ ಜೋಡಣೆಯ ಸ್ಪರ್ಧೆಗಳು ಇರುತ್ತವೆ. ಅಲ್ಲಿಂದ ಬಂಡೆಯ ಮೇಲೆ ಹತ್ತಿ ಕೆಂಪೇಗೌಡ ಗೋಪುರದ ಹತ್ತಿರ ಕೂರಿ. ನೀವು ಕುಳಿತ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಆಗಸ್ಟಿನಲ್ಲಿ ಆ ಬಂಡೆ ಮಳೆಗೆ ಜಾರುತ್ತದೆ, ಅಜ್ಜಿಯ ಕೈ ಬಿಡಬೇಡಿ. ಸಸಿ, ಬೀಜ ಕೊಳ್ಳುವುದು ಕೊನೆಗಿರಲಿ. ಮೆಟ್ರೊಗೆ ಹತ್ತಿರದ್ದು ಪಶ್ಚಿಮದ ಗೇಟು, ಸ್ವಂತ ವಾಹನ ತಂದೇ ತೀರಬೇಕಾದವರಿಗೆ ಶಾಂತಿನಗರ ಬಸ್ ನಿಲ್ದಾಣದ ಪಾರ್ಕಿಂಗ್ ಇದೆ.

ಚಿತ್ರಸಂತೆ

ಕುಮಾರಕೃಪಾ ರಸ್ತೆಯಲ್ಲಿ ಅವತ್ತು ವಾಹನವಿಲ್ಲ. ಶಿವಾನಂದ ವೃತ್ತದ ಕಡೆಯಿಂದ ಚಿತ್ರಕಲಾ ಪರಿಷತ್ತಿನವರೆಗೂ, ಅದರಾಚೆಗೂ ಕಲಾವಿದರು ಪಾದಚಾರಿ ಮಾರ್ಗದಲ್ಲೇ ಚಿತ್ರ ಹರಡಿಕೊಂಡು ಕೂತಿರುತ್ತಾರೆ. ನೂರಿನ್ನೂರು ರೂಪಾಯಿಯಿಂದ ಲಕ್ಷದವರೆಗೂ ಬೆಲೆ. ಒಂಬತ್ತಕ್ಕೆ ಹೋದರೆ ಕಲಾವಿದರ ಜೊತೆ ನಿಂತು ಮಾತಾಡಬಹುದು, ಹನ್ನೆರಡರ ಮೇಲೆ ಬರೀ ತಳ್ಳಾಟ. ಮನೆಯ ಯಾವ ಗೋಡೆಗೆ ಎಂದು ಅಳತೆ ಬರೆದುಕೊಂಡು ಹೋಗಿ. ಚೌಕಟ್ಟಿಲ್ಲದ ಚಿತ್ರ ಕೊಂಡರೆ ಸುತ್ತಿ ಕೊಳವೆಯಲ್ಲಿ ಹಾಕಿಕೊಡಲು ಕೇಳಿ, ಹಿಂದೆ ಕಲಾವಿದರ ಹೆಸರು, ಇಸವಿ ಬರೆಸಿಕೊಳ್ಳಿ. ಮಕ್ಕಳ ಕೈಗೆ ಒಂದಿಷ್ಟು ದುಡ್ಡು ಕೊಟ್ಟು “ನಿನಗಿಷ್ಟವಾದದ್ದು ನೀನೇ ಆರಿಸು” ಎನ್ನಿ. ನನ್ನ ಮಗಳು ಏಳನೇ ವಯಸ್ಸಿನಲ್ಲಿ ಆರಿಸಿದ ಪುಟ್ಟ ಎಮ್ಮೆಯ ಚಿತ್ರ ಇವತ್ತಿಗೂ ನಮ್ಮ ಅಡುಗೆಮನೆಯ ಗೋಡೆಯಲ್ಲಿದೆ.

ರಾಮನವಮಿಗೆ ಹೆಚ್ಚು ಹೇಳಬೇಕಿಲ್ಲ. ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ವಾರಗಟ್ಟಲೆ ನಡೆಯುತ್ತದೆ, 1939ರಿಂದ ಬಂದ ಸಂಪ್ರದಾಯ. ಪಟ್ಟಿ ಮೊದಲೇ ಪ್ರಕಟವಾಗುತ್ತದೆ, ನಿಮಗೆ ಬೇಕಾದ ಕಛೇರಿಗೆ ಟಿಕೆಟ್ ತೆಗೆದಿಡಿ. ಪಾನಕ, ಕೋಸಂಬರಿ, ನೀರುಮಜ್ಜಿಗೆಗೆ ಎಲ್ಲೂ ಹುಡುಕಬೇಕಾಗಿಲ್ಲ, ಹಬ್ಬದ ದಿನ ನಿಮ್ಮ ಬೀದಿಯ ತಿರುವಿನಲ್ಲೇ ಕೊಡುತ್ತಿರುತ್ತಾರೆ.

ಹೆಜ್ಜೆ 7: ಗುಂಪಿನಲ್ಲಿ ಜೋಪಾನ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು, ಬಹುಪಾಲು ಎಳೆಯರು. ಆ ದಿನದ ನಂತರ ನಮ್ಮ ಮನೆಯಲ್ಲಿ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಮುಚ್ಚಿದ ಗೇಟಿನ ಎದುರು ಕಾಯುವುದಿಲ್ಲ. ಉಚಿತ ಪಾಸ್ ಎಂಬ ಗಾಳಿಸುದ್ದಿ ನಂಬಿ ಹೊರಡುವುದಿಲ್ಲ. ಪಕ್ಕದವರ ಭುಜ ಎರಡೂ ಕಡೆಯಿಂದ ತಾಗಲು ಶುರುವಾದರೆ, ಎಷ್ಟೇ ಆಸೆಯಿಂದ ಬಂದಿದ್ದರೂ, ಗುಂಪಿನ ಜೊತೆಯಲ್ಲೇ ಓರೆಯಾಗಿ ಸರಿಯುತ್ತಾ ಅಂಚಿಗೆ ಬಂದು ಹೊರಡುತ್ತೇವೆ. ಬಿದ್ದ ಚಪ್ಪಲಿಗೆ, ಫೋನಿಗೆ ಬಗ್ಗುವುದಿಲ್ಲ. ಮಗುವಿನ ಜೇಬಿನಲ್ಲಿ ಅಪ್ಪ, ಅಮ್ಮನ ನಂಬರ್ ಬರೆದ ಚೀಟಿ ಇರುತ್ತದೆ. ತಪ್ಪಿಸಿಕೊಂಡರೆ ಸೇರಬೇಕಾದ ಜಾಗ ಯಾವುದೆಂದು ಒಳಗೆ ಹೋಗುವ ಮೊದಲೇ ತೋರಿಸಿರುತ್ತೇವೆ. ಪರಿಷೆಯಲ್ಲಿ ಅದು ರಾಮಕೃಷ್ಣ ಆಶ್ರಮದ ಗೇಟು, ಲಾಲ್‌ಬಾಗಿನಲ್ಲಿ ಮೆಟ್ರೊ ನಿಲ್ದಾಣದ ಬಾಗಿಲು.

ಹೆಜ್ಜೆ 8: ಮನೆಗೆ ಬಂದ ಮೇಲೆ

ಕೈಕಾಲು ತೊಳೆದು ಕುಳಿತಾಗ, ಮರೆಯುವ ಮೊದಲು, ಕ್ಯಾಲೆಂಡರಿನ ಆ ತಿಂಗಳ ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಬರೆಯಿರಿ. ಎಷ್ಟು ಹೊತ್ತಿಗೆ ಹೋದಿರಿ, ಯಾವ ದಾರಿ, ಎಷ್ಟು ಖರ್ಚು, ಏನು ಮರೆತಿರಿ. ವರ್ಷ ಮುಗಿದಾಗ ಹಳೆಯ ಕ್ಯಾಲೆಂಡರ್ ಎಸೆಯಬೇಡಿ, ಹೊಸದಕ್ಕೆ ಗುರುತು ಹಾಕುವಾಗ ಪಕ್ಕದಲ್ಲಿ ಇರಲಿ. ಕಳೆದ ಪರಿಷೆಯ ಹಾಳೆಯ ಹಿಂದೆ ನನ್ನ ಅಕ್ಷರದಲ್ಲಿ ಇಷ್ಟಿದೆ: “ಮಂಗಳವಾರ ಹೋದದ್ದು ಒಳ್ಳೆಯದಾಯಿತು. ಎರಡು ಸೇರು ಸಾಲದು, ನಾಲ್ಕು ಬೇಕು. ಅಮ್ಮನಿಗೆ ಮೆಟ್ಟಿಲು ಕಷ್ಟ, ಮುಂದಿನ ಸಲ ಕೋಲು ತರುವುದು.”